ಇನ್ನೂರ ಐವತ್ತಾರು ಮನೆಯ ಚಿತ್ರ

ಚಿತ್ರದ ವಿಷಯವನ್ನು ಬಾನುಲಿಯ ಬಳಗಕ್ಕೆ ಹೇಳಹೊರಡುವುದು ಸ್ವಲ್ಪ ಧಾರ್ಷ್ಟ್ಯದ ಕೆಲಸವೇ ಸರಿ. ಕಿವಿಗೆ ಕೆಲಸ ಕೊಟ್ಟು ಕುಳಿತವರ ಮುಂದೆ ಕಣ್ಣಿನ ಸಂಗತಿಯನ್ನು ಇಡುವುದು ಹೇಗೆ? ಆದರೆ ನಾನು ಹೇಳಬೇಕೆಂದಿರುವ ಚಿತ್ರವನ್ನು ಎಣಿಸಿ ಹೇಳಬಹುದು. ಅದೇ ಅದರ ವಿಶೇಷ. ಮಕ್ಕಳ ಲೆಕ್ಕದ ಚೌಕುಳಿ ಪುಸ್ತಕದಿಂದ ಒಂದು ಹಾಳೆಯನ್ನು ತೆಗೆದುಕೊಳ್ಳಿ. ಅಡ್ಡಕ್ಕೆ 16 ಮನೆ, ಉದ್ದಕ್ಕೆ 16 ಮನೆ ಗುರುತು ಮಾಡಿ. ಒಟ್ಟು 256 ಮನೆಗಳಾದವು. ಒಂದೊಂದು ಮನೆಗೂ ಒಂದೇ ಒಂದು ಬಣ್ಣ ತುಂಬಬಹುದು, ಇಲ್ಲವೆ ಖಾಲಿ ಬಿಡಬಹುದು. ಅರ್ಧ ಮನೆ ತುಂಬುವಂತಿಲ್ಲ, ಗೆರೆ ದಾಟುವಂತಿಲ್ಲ. ಈ ಕಟ್ಟುಪಾಡಿನೊಳಗೆ ಒಂದು ಬೀಗದ ಕೈಯನ್ನು ಬರೆಯಿರಿ. ನೋಡಿದವರು ‘ಬೀಗದ ಕೈ’ ಎಂದು ಒಡನೆಯೇ ಹೇಳಿದರೆ ನೀವು ಗೆದ್ದಿರಿ. ‘ಇದೇನು, ಸೌಟೆ?’ ಎಂದು ಕೇಳಿದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು.

ಈ ಕೆಲಸವನ್ನೇ ಜೀವನೋಪಾಯ ಮಾಡಿಕೊಂಡವರು ಇದ್ದಾರೆ. ಮಲ್ಲತ್ತಹಳ್ಳಿಯಲ್ಲಿರುವ ನನ್ನ ತಂಗಿಯ ಮಗ ಅವರಲ್ಲೊಬ್ಬ. ಮಲ್ಲತ್ತಹಳ್ಳಿ ಬೆಂಗಳೂರಿನ ಪಡುವಣ ಅಂಚಿನಲ್ಲಿ, ನಾಗರಬಾವಿಗೂ ವಿಶ್ವವಿದ್ಯಾನಿಲಯದ ಜ್ಞಾನಭಾರತಿಗೂ ಹೊಂದಿಕೊಂಡಿರುವ ಊರು. ಹೆಸರಿನಲ್ಲಿ ಹಳ್ಳಿ ಉಳಿದಿದೆ, ಕೆರೆಯೂ ಉಳಿದಿದೆ. ಹೊಲಗಳು ಮಾತ್ರ ಬಡಾವಣೆಗಳಾಗಿವೆ. 1980ರಲ್ಲಿ ಸ್ಥಾಪನೆಯಾದ ಡಾ. ಅಂಬೇಡ್ಕರ್ ತಾಂತ್ರಿಕ ವಿದ್ಯಾಲಯ ಅಲ್ಲಿದೆ. ನಾಟಕಗಳು ನಡೆಯುವ ಕಲಾಗ್ರಾಮವೂ ಅಲ್ಲಿಯೇ ಇದೆ. ಒಂದು ಕಡೆ ಯಂತ್ರವಿದ್ಯೆ, ಇನ್ನೊಂದು ಕಡೆ ಕಲೆ; ನಮ್ಮ ಹುಡುಗ ಎರಡರ ನಡುವೆ ಒಂದು ಮಹಡಿಯ ಕೋಣೆಯಲ್ಲಿ ಕುಳಿತು ಕತ್ತಿ, ಗುರಾಣಿ, ಔಷಧದ ಸೀಸೆ, ರೊಟ್ಟಿ, ನಾಣ್ಯ, ಬೀಗದ ಕೈಗಳನ್ನು ಮನೆ ಎಣಿಸಿ ಬರೆಯುತ್ತಾನೆ.

‘ಗೇಮ್ ಮಾಡುವವರಿಗೆ ಐಕಾನ್ ಮಾರುತ್ತೇನೆ, ಮಾವ’ ಎಂದು ಅವನು ಮೊದಲ ಸಲ ಹೇಳಿದಾಗ ನನಗೆ ತಲೆಬುಡ ತಿಳಿಯಲಿಲ್ಲ. ಎರಡು ಭಾನುವಾರ ಪಕ್ಕದಲ್ಲಿ ಕುಳಿತು ನೋಡಿದ ಮೇಲೆ ತಿಳಿಯಿತು. ಕಂಪ್ಯೂಟರಿನಲ್ಲಿಯೂ ಫೋನಿನಲ್ಲಿಯೂ ಆಡುವ ಆಟಗಳಲ್ಲಿ ಕಥಾನಾಯಕನ ಕೈಚೀಲವೆಂಬುದು ಒಂದಿರುತ್ತದೆ. ಅದರಲ್ಲಿರುವ ಒಂದೊಂದು ವಸ್ತುವಿಗೂ ಒಂದು ಕಿರುಚಿತ್ರ ಬೇಕು. ಅದನ್ನೇ ಐಕಾನ್ ಎನ್ನುತ್ತಾರೆ. ದೊಡ್ಡ ಆಟಕ್ಕೆ ಇಂಥವು ನೂರಾರು ಬೇಕಾಗುತ್ತವೆ. ಇಂದು ಆಟಗಳನ್ನು ಒಬ್ಬರೇ ಇಬ್ಬರೇ ಮನೆಯಲ್ಲಿ ಕುಳಿತು ರಚಿಸುವುದುಂಟು. ಅವರಿಗೆ ಲೆಕ್ಕ ಬಂದರೆ ಚಿತ್ರ ಬಾರದು, ಚಿತ್ರ ಬಂದರೆ ಪುರುಸೊತ್ತಿಲ್ಲ. ಅಂಥವರು ಸಿದ್ಧವಾದ ಚಿತ್ರಗಳ ಒಂದು ಕಟ್ಟನ್ನು ಕೆಲವು ಡಾಲರು ಕೊಟ್ಟು ಕೊಂಡುಕೊಳ್ಳುತ್ತಾರೆ. ಇದರಲ್ಲಿ ನನಗೆ ಹೊಸದೆನಿಸಿದ ಸಂಗತಿಯೊಂದಿದೆ. ಒಂದು ಕಟ್ಟನ್ನು ಒಬ್ಬನಿಗೆ ಮಾರಿದರೆ ಅದು ಮುಗಿಯಿತೆಂದಲ್ಲ. ಅದನ್ನೇ ನಾಳೆ ಮತ್ತೊಬ್ಬನಿಗೆ ಮಾರಬಹುದು. ಮಾರಾಟವಾಗುವುದು ಚಿತ್ರವಲ್ಲ, ಅದನ್ನು ಬಳಸುವ ಅನುಮತಿ. ಚಿತ್ರ ಬರೆದವನಲ್ಲಿಯೇ ಉಳಿಯುತ್ತದೆ.

ನಾವು ಮಾತನಾಡುತ್ತಿದ್ದಾಗ ತಂಗಿಯ ಅತ್ತೆ ಕಾಫಿ ತಂದರು. ಅವರು ಧಾರವಾಡದ ಕಡೆಯವರು. ಪರದೆಯ ಮೇಲಿದ್ದ ಕಿರೀಟದ ಚಿತ್ರವನ್ನು ಕನ್ನಡಕ ಏರಿಸಿ ನೋಡಿ, ‘ಇದೇನೋ ತಮ್ಮಾ, ಮೆಂಥಿ ಹೊಲಿಗಿ ಹಾಕೀದಿ!’ ಎಂದರು. ಹುಡುಗ ನಕ್ಕ. ನಾನು ನಗಲಿಲ್ಲ. ಅಜ್ಜಿ ಹೇಳಿದುದು ಅಕ್ಷರಶಃ ಸತ್ಯವಾಗಿತ್ತು.

ಕಸೂತಿ ನಮ್ಮ ಧಾರವಾಡ ಸೀಮೆಯ ಹೆಂಗಸರ ವಿದ್ಯೆ. ಅದರಲ್ಲಿ ಗವಂತಿ, ಮುರಗಿ, ನೇಯ್ಗಿ, ಮೆಂಥಿ ಎಂದು ನಾಲ್ಕು ಬಗೆಯ ಹೊಲಿಗೆ. ಬಟ್ಟೆಯ ಮೇಲೆ ಪೆನ್ಸಿಲಿನಿಂದ ಮೊದಲು ಚಿತ್ರ ಬರೆದುಕೊಳ್ಳುವ ಪದ್ಧತಿ ಅದರಲ್ಲಿಲ್ಲ. ನೇಯ್ಗೆಯ ಎಳೆಗಳನ್ನು ಎಣಿಸಬೇಕು; ಇಷ್ಟು ಎಳೆ ಬಿಟ್ಟು ಸೂಜಿ ಮೇಲೆ, ಇಷ್ಟು ಎಳೆ ದಾಟಿ ಸೂಜಿ ಕೆಳಗೆ. ಗಂಟು ಹಾಕುವಂತಿಲ್ಲ. ಗವಂತಿಯಲ್ಲಿ ಹೋದ ದಾರ ಅದೇ ದಾರಿಯಲ್ಲಿ ಹಿಂದಿರುಗಿ ಬಂದು ನಡುವಿನ ತೆರಪುಗಳನ್ನು ತುಂಬುವುದರಿಂದ ಬಟ್ಟೆಯ ಎರಡು ಮಗ್ಗುಲೂ ಒಂದೇ ಸಮನಾಗಿ ಕಾಣುತ್ತವೆ. ಇಳಕಲ್ ಸೀರೆಯ ಸೆರಗಿನ ಮೇಲೆ, ಮದುವಣಗಿತ್ತಿಯ ಕಪ್ಪು ಚಂದ್ರಕಾಳಿಯ ಮೇಲೆ ಗೋಪುರ, ತೇರು, ಪಲ್ಲಕ್ಕಿ, ಅಂಬಾರಿಯಾನೆ, ತುಳಸಿಕಟ್ಟೆ, ಗಿಳಿ ಎಲ್ಲವೂ ಎಣಿಕೆಯಿಂದಲೇ ಮೂಡಿದವು. ಗಿಳಿಯ ಹೊಟ್ಟೆ ದುಂಡಗಿರಬೇಕು. ಸೂಜಿಯಾದರೋ ನೆಟ್ಟಗೆ, ಅಡ್ಡಕ್ಕೆ, ಓರೆಗೆ ಮಾತ್ರ ಹೋಗಬಲ್ಲದು. ಆದುದರಿಂದ ಹೊಟ್ಟೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ದೂರದಿಂದ ನೋಡಿದರೆ ದುಂಡಗೆ ಕಾಣುತ್ತದೆ. ಕಣ್ಣಿಗೆ ಮಾಡುವ ಈ ಸಾಧುವಾದ ಮೋಸವೇ ನಮ್ಮ ಹುಡುಗನ ಕಸುಬಿನ ಗುಟ್ಟೂ ಆಗಿದೆ.

ಅದೇ ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಹೆಂಗಸರು ನೇಯುವ ಜಮಖಾನೆಗಳು ಪ್ರಸಿದ್ಧವಾದುವು. ಅವುಗಳ ಮಾದರಿಗಳಲ್ಲೊಂದು ಪಗಡೆಯ ಹಾಸು. ಆಟದ ಮನೆಗಳನ್ನು ನೇಯ್ಗೆಯ ಮನೆಗಳಲ್ಲಿಯೇ ತುಂಬಿದ ಚಿತ್ರ ಅದು. ಆಟಕ್ಕೂ ಚೌಕುಳಿ ಚಿತ್ರಕ್ಕೂ ಇರುವ ನೆಂಟಸ್ತಿಕೆ ನಿನ್ನೆ ಮೊನ್ನೆಯದಲ್ಲವೆಂದು ಹೇಳುವುದಕ್ಕೆ ಇಷ್ಟು ಸಾಕು.

ಆಟಕ್ಕಾಗಿಯೇ ಕಿರುಚಿತ್ರಗಳ ಕಟ್ಟು ಮಾಡಿಸಿದ ವಿಷಯಕ್ಕೆ ಬಂದರೆ ಮೈಸೂರಿನತ್ತ ತಿರುಗಬೇಕು. ಮುಮ್ಮಡಿ ಕೃಷ್ಣರಾಜ ಒಡೆಯರು 1799ರಲ್ಲಿ ಐದು ವರ್ಷದ ಬಾಲಕರಾಗಿ ಪಟ್ಟವೇರಿದವರು. 1831ರಲ್ಲಿ ಆಂಗ್ಲರು ಆಡಳಿತವನ್ನು ಅವರ ಕೈಯಿಂದ ತೆಗೆದುಕೊಂಡರು. 1868ರಲ್ಲಿ ಕಾಲವಾಗುವವರೆಗೆ ಅರಸರ ಬುದ್ಧಿ ಹರಿದುದು ಗ್ರಂಥಗಳ ಕಡೆಗೆ, ಆಟಗಳ ಕಡೆಗೆ. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದು ಕೌತುಕನಿಧಿ. ಗಂಜೀಫ ಎಲೆಗಳಿಂದ ಆಡುವ, ‘ಛದ’ ಎಂದು ಹೆಸರಾದ ಹದಿಮೂರು ಆಟಗಳ ವಿವರ ಅದರಲ್ಲಿದೆ. ಕೆಲವಕ್ಕೆ ಕಟ್ಟೊಂದರಲ್ಲಿ 360ರವರೆಗೂ ಎಲೆಗಳು ಬೇಕು! ನಮ್ಮ ಇಸ್ಪೀಟಿನ 52ನ್ನು ಕೈಯಲ್ಲಿ ಹಿಡಿಯುವುದಕ್ಕೇ ಒದ್ದಾಡುವ ನಾವು ಆ ಆಟಗಾರರ ತಾಳ್ಮೆಗೆ ಕೈಮುಗಿಯಬೇಕು.

ದಶಾವತಾರ ಗಂಜೀಫದ ಲೆಕ್ಕ ಸುಲಭವಾದುದು. ಹತ್ತು ಅವತಾರಗಳಿಗೆ ಹತ್ತು ಬಣಗಳು. ಬಣವೊಂದಕ್ಕೆ ರಾಜ, ಮಂತ್ರಿ, ಮತ್ತು ಒಂದರಿಂದ ಹತ್ತರವರೆಗಿನ ಎಣಿಕೆಯ ಎಲೆಗಳು. ಒಟ್ಟು 120 ಎಲೆ. ಮತ್ಸ್ಯಕ್ಕೆ ಮೀನಿನ ಗುರುತು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ. ಒಂದರ ಎಲೆಯಲ್ಲಿ ಒಂದು ಮೀನು, ಹತ್ತರ ಎಲೆಯಲ್ಲಿ ಹತ್ತು ಮೀನು. ಕೂಡಿಸಿ ನೋಡಿದರೆ ಬಣವೊಂದಕ್ಕೆ 55 ಗುರುತುಗಳು, ಕಟ್ಟಿಗೆ 550. ಅಂಗೈಯಗಲವೂ ಇಲ್ಲದ ದುಂಡು ಎಲೆಯ ಮೇಲೆ ಹತ್ತು ಮೀನು ಬರೆಯುವ ಚಿತ್ರಗಾರನಿಗೆ ಹುರುಪೆ, ಕಿವಿರುಗಳನ್ನು ಬಿಡಿಸುವ ಅವಕಾಶವೆಲ್ಲಿ? ದೀಪದ ಬೆಳಕಿನಲ್ಲಿ ಮುದುಕರ ಕಣ್ಣಿಗೂ ಇದು ಮೀನು, ಇದು ಆಮೆ ಎಂದು ಚಕ್ಕನೆ ತಿಳಿದರಾಯಿತು. ಗೋಡೆಯ ಚಿತ್ರವನ್ನು ನಿಂತು ನೋಡುತ್ತಾರೆ. ಆಟದ ಚಿತ್ರವನ್ನು ನಿಂತು ನೋಡುವುದಿಲ್ಲ. ಅದನ್ನು ಓದಿ ಮುಂದೆ ಹೋಗುತ್ತಾರೆ. ಈ ಭೇದವನ್ನು ಮೈಸೂರಿನ ಚಿತ್ರಗಾರರು ಚೆನ್ನಾಗಿ ಬಲ್ಲವರಾಗಿದ್ದರು. ಆಟಗಳಿಗೆ ‘ಕೃಷ್ಣರಾಜ’ ಎಂಬ ಹೆಸರು ಬಂದಿತು, ಗ್ರಂಥಕ್ಕೂ ಅರಸರ ಹೆಸರಾಯಿತು. 550 ಗುರುತುಗಳನ್ನು ಬರೆದ ಕೈಗಳ ಹೆಸರನ್ನು ಯಾವ ಎಲೆಯೂ ಹೊರಲಿಲ್ಲ. ನಮ್ಮ ಕಾಲದಲ್ಲಿ ಈ ಕಲೆಗೆ ಮರುಹುಟ್ಟು ಕೊಟ್ಟ ರಘುಪತಿ ಭಟ್ಟರಿಗೆ ‘ಗಂಜೀಫ’ ಎಂಬುದೇ ಹೆಸರಿನ ಭಾಗವಾಗಿ ನಿಂತಿತು. ಆ ಮಟ್ಟಿಗೆ ಹಳೆಯ ಸಾಲ ಸ್ವಲ್ಪ ತೀರಿದಂತಾಯಿತು.

ಎಣಿಕೆಯ ಈ ಚಿತ್ರಕ್ಕೆ ವಿದ್ಯುತ್ತು ಸೇರಿದುದು ಈಚಿನ ಕಥೆ. ಯಂತ್ರ ತೋರಿಸುವ ಚಿತ್ರದ ಒಂದು ಮನೆಗೆ ‘ಪಿಕ್ಸೆಲ್’ ಎಂಬ ಮಾತು ಅಚ್ಚಿನಲ್ಲಿ ಕಾಣಿಸಿಕೊಂಡದ್ದು 1965ರಲ್ಲಿ, ಅಮೆರಿಕದ ಆಕಾಶಯಾನ ಸಂಶೋಧನೆಯ ಬರೆಹಗಳಲ್ಲಿ. ಚಂದ್ರ ಮಂಗಳರ ಚಿತ್ರಗಳಿಗಾಗಿ ಹುಟ್ಟಿದ ಮಾತು ಆಟದ ಅಂಗಡಿಗೆ ಇಳಿಯಲು ತಡವಾಗಲಿಲ್ಲ. 1978ರಲ್ಲಿ ಜಪಾನಿನ ಟೊಮೊಹಿರೊ ನಿಶಿಕಾಡೊ ಎಂಬವರು ‘ಸ್ಪೇಸ್ ಇನ್ವೇಡರ್ಸ್’ ಆಟವನ್ನು ರಚಿಸಿದರು. ಆಕಾಶದಿಂದ ಇಳಿದು ಬರುವ ಶತ್ರುಗಳಿಗೆ ಅವರು ಏಡಿ, ಅಷ್ಟಪದಿ ಮೊದಲಾದ ಕಡಲಜೀವಿಗಳ ರೂಪ ಕೊಟ್ಟರು. ಏಡಿಯ ಅಗಲ 11 ಮನೆ, ಎತ್ತರ 8 ಮನೆ. 88 ಮನೆಗಳ ಆ ಏಡಿಯನ್ನು ಇಂದಿಗೂ ಜಗತ್ತಿನ ಮಕ್ಕಳು ಗುರುತಿಸುತ್ತಾರೆ. 1981ರ ‘ಡಾಂಕಿ ಕಾಂಗ್’ ಆಟದ ನಾಯಕನಿಗೆ, ಮುಂದೆ ಮಾರಿಯೊ ಎಂದು ಹೆಸರಾದವನಿಗೆ, ಮೀಸೆ ಬಂದ ಕಥೆ ಇನ್ನೂ ಸ್ವಾರಸ್ಯದ್ದು. ಇದ್ದ ಕೆಲವೇ ಮನೆಗಳಲ್ಲಿ ಬಾಯಿ ಬರೆಯುವುದು ಸಾಧ್ಯವಾಗದೆ ಶಿಗೆರು ಮಿಯಾಮೊಟೊ ಮೂಗಿನ ಕೆಳಗೆ ಮೀಸೆ ಇಟ್ಟರು. ಕೂದಲು ಬರೆಯುವ ತಾಪತ್ರಯ ತಪ್ಪಲೆಂದು ಟೋಪಿ ಹಾಕಿದರು. ಜಾಗದ ಬಡತನವೇ ರೂಪವನ್ನು ಕೊಟ್ಟಿತು.

ಚೌಕುಳಿ ಪುಸ್ತಕದ ಮಾತು ಮೊದಲೇ ಬಂದಿತಲ್ಲ. ಅದರಿಂದಲೇ ಕೀರ್ತಿ ಪಡೆದ ಮಹಿಳೆ ಅಮೆರಿಕದ ಸೂಸನ್ ಕೇರ್. 1984ರ ಜನವರಿಯಲ್ಲಿ ಹೊರಬಂದ ಮ್ಯಾಕಿಂತಾಷ್ ಕಂಪ್ಯೂಟರಿನ ಕಿರುಚಿತ್ರಗಳನ್ನು ಆಕೆ ಒಂದು ಚೌಕುಳಿ ಹಾಳೆಯ ಪುಸ್ತಕದಲ್ಲಿ 32ಕ್ಕೆ 32, ಎಂದರೆ 1024 ಮನೆಗಳಲ್ಲಿ ತುಂಬಿ ಬರೆದರು. ಮುಂಚೆ ಸೂಜಿಯ ಕಸೂತಿ, ಕಲ್ಲುಚೂರಿನ ಚಿತ್ರಗಳಲ್ಲಿ ಕೈಯಾಡಿಸಿದ್ದ ಅವರಿಗೆ ಈ ಕೆಲಸ ಅಪರಿಚಿತವೆನಿಸಲಿಲ್ಲ. ನಮ್ಮ ಅಜ್ಜಿಯ ಮಾತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? 1990ರಲ್ಲಿ ವಿಂಡೋಸ್ ಕಂಪ್ಯೂಟರುಗಳಲ್ಲಿ ಬಂದ ಒಂಟಿಯಾಟದ ಇಸ್ಪೀಟು ಎಲೆಗಳನ್ನು ಬರೆದವರೂ ಅವರೇ. ನಮ್ಮ ಕಚೇರಿಗಳಲ್ಲಿ ಎಷ್ಟೋ ಮಧ್ಯಾಹ್ನಗಳನ್ನು ಆ ಎಲೆಗಳು ನುಂಗಿದುವು! 2015ರಲ್ಲಿ ಅವರ ಆ ಚೌಕುಳಿ ಪುಸ್ತಕ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿತು.

ಎಲ್ಲರಿಗೂ ಆ ಭಾಗ್ಯವಿರಲಿಲ್ಲ. ಆಟ ರಚಿಸಿದವರ ಹೆಸರು ಹೇಳದಿರುವುದು ಆ ಕಾಲದ ವ್ಯಾಪಾರದ ರೂಢಿಯಾಗಿತ್ತು. ಅಟಾರಿ ಸಂಸ್ಥೆಯಲ್ಲಿದ್ದ ವಾರನ್ ರಾಬಿನೆಟ್ ಎಂಬ ತರುಣ ‘ಅಡ್ವೆಂಚರ್’ ಎಂಬ ಆಟವನ್ನು ಒಬ್ಬನೇ ರಚಿಸಿದ. ಅದು 1980ರಲ್ಲಿ ಮಾರುಕಟ್ಟೆಗೆ ಬಂದಿತು. ಪೆಟ್ಟಿಗೆಯ ಮೇಲೆ ತನ್ನ ಹೆಸರು ಬರುವುದಿಲ್ಲವೆಂದು ತಿಳಿದ ಆತ ಯಾರಿಗೂ ಹೇಳದೆ ಒಂದು ಉಪಾಯ ಮಾಡಿದ್ದ. ಆಟದ ಒಂದು ಮೂಲೆಯಲ್ಲಿ ಹಿನ್ನೆಲೆಯ ಬಣ್ಣದ್ದೇ ಆದ ಒಂದು ಬೂದು ಚುಕ್ಕೆ. ಬರಿಗಣ್ಣಿಗೆ ಅದು ಕಾಣದು. ಅದನ್ನು ಹುಡುಕಿ ಎತ್ತಿಕೊಂಡು ಒಂದು ಕೋಣೆಯ ಗೋಡೆಯ ಬಳಿಗೆ ಒಯ್ದರೆ ಗೋಡೆ ದಾರಿ ಬಿಡುತ್ತದೆ. ಒಳಗಿನ ರಹಸ್ಯ ಕೋಣೆಯಲ್ಲಿ ‘ಇದನ್ನು ರಚಿಸಿದವನು ವಾರನ್ ರಾಬಿನೆಟ್’ ಎಂಬ ಅಕ್ಷರಗಳು ಬಣ್ಣ ಬಣ್ಣವಾಗಿ ಬೆಳಗುತ್ತವೆ. ಸಾಲ್ಟ್ ಲೇಕ್ ಸಿಟಿಯ 15 ವರ್ಷದ ಹುಡುಗನೊಬ್ಬ ಅದನ್ನು ಕಂಡುಹಿಡಿದು ಸಂಸ್ಥೆಗೆ ಕಾಗದ ಬರೆಯುವ ಹೊತ್ತಿಗೆ ರಾಬಿನೆಟ್ ಕೆಲಸ ಬಿಟ್ಟು ಹೋಗಿದ್ದ. ಹೆಸರು ಬೇಕೆಂದು ಅದೇ ಸಂಸ್ಥೆಯಿಂದ ಹೊರಬಂದ ಬೇರೆ ಕೆಲವರು 1979ರಲ್ಲಿ ‘ಆಕ್ಟಿವಿಷನ್’ ಎಂಬ ಸ್ವಂತ ಸಂಸ್ಥೆಯನ್ನೇ ಕಟ್ಟಿದ್ದರು.

ನಮ್ಮ ಬೆಂಗಳೂರು ಈ ಕಥೆಯೊಳಕ್ಕೆ ಬರುವುದು 1997ರಲ್ಲಿ, ರಾಜೇಶ್ ರಾವ್ ಅವರು ‘ಧ್ರುವ ಇಂಟರಾಕ್ಟಿವ್’ ಸಂಸ್ಥೆಯನ್ನು ಆರಂಭಿಸಿದಾಗ. ಭಾರತದಲ್ಲಿ ಈ ಉದ್ಯಮದ ಮೊದಮೊದಲ ಸಂಸ್ಥೆಗಳಲ್ಲಿ ಅದೊಂದು. ಪರದೇಶದ ದೊಡ್ಡ ಆಟಗಳಿಗೆ ಬೇಕಾದ ಚಿತ್ರಕೆಲಸವನ್ನು ಇಲ್ಲಿ ಮಾಡಿ ಕಳುಹಿಸುವುದು ಅದರ ಮುಖ್ಯ ವ್ಯವಹಾರವಾಗಿ ಬೆಳೆಯಿತು. ‘ಫೋರ್ಜಾ’ ಎಂಬ ಪಂದ್ಯದ ಆಟದ ಕಾರುಗಳ ಕೆಲಸ ಇಲ್ಲಿ ನಡೆದುದುಂಟು. ಸ್ವೀಡನ್ನಿನ ಸಂಸ್ಥೆಯೊಂದರ ಕೈ ಸೇರಿ, 2019ರಲ್ಲಿ ಅದು ‘ರಾಕ್‌ಸ್ಟಾರ್ ಗೇಮ್ಸ್’ನ ಪಾಲಾಯಿತು. ನಡುವೆ, 2012ರಲ್ಲಿ, ನಮ್ಮ ರಾಜ್ಯ ಸರ್ಕಾರ ಈ ಉದ್ಯಮಕ್ಕೆಂದೇ ಒಂದು ನೀತಿಯನ್ನು ಪ್ರಕಟಿಸಿತು. ನೂರಾರು ತರುಣ ತರುಣಿಯರಿಗೆ ಕೆಲಸ ದೊರೆಯಿತೆಂಬುದು ಸಣ್ಣ ಮಾತಲ್ಲ. ಆದರೆ ಇಂಥ ಗುತ್ತಿಗೆಯ ಕೆಲಸದಲ್ಲಿ ಸಾಮಾನ್ಯವಾಗಿ ಚಿತ್ರದ ಹಕ್ಕು ಹಣ ಕೊಟ್ಟವರದು. ನಮ್ಮ 1957ರ ಕೃತಿಸ್ವಾಮ್ಯದ ಶಾಸನವೂ ಹಾಗೆಯೇ ಹೇಳುತ್ತದೆ: ರಚಿಸಿದವನೇ ಮೊದಲ ಒಡೆಯ; ಆದರೆ ನೌಕರಿಯ ಕೆಲಸವಾಗಿ ರಚಿಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಒಡೆತನ ಯಜಮಾನನದು.

ಐಕಾನ್ ಕಟ್ಟಿನ ವ್ಯಾಪಾರ ಈ ಸಂಬಂಧವನ್ನು ತಲೆಕೆಳಗು ಮಾಡಿದೆ. 2010ರಲ್ಲಿ ‘ಯೂನಿಟಿ’ ಸಂಸ್ಥೆ ಆಟದ ಸಾಮಗ್ರಿಗಳಿಗಾಗಿ ಒಂದು ಮಳಿಗೆಯನ್ನು ತೆರೆಯಿತು. ಅಲ್ಲಿ ನೂರಕ್ಕೆ 70 ಪಾಲು ಮಾಡಿದವನಿಗೆ, 30 ಮಳಿಗೆಗೆ. 2013ರಲ್ಲಿ ಆರಂಭವಾದ ‘ಇಚ್ ಡಾಟ್ ಐಒ’ ಎಂಬಲ್ಲಿ ಮಳಿಗೆಗೆ ಎಷ್ಟು ಪಾಲು ಕೊಡಬೇಕೆಂಬುದನ್ನು ಮಾರುವವನೇ ನಿರ್ಧರಿಸಬಹುದು. ಸಂತೆಯಲ್ಲಿ ಸುಂಕವನ್ನು ವ್ಯಾಪಾರಿಯೇ ಗೊತ್ತುಮಾಡುವುದೆಂದರೆ ನಮ್ಮ ಹಿರಿಯರು ನಂಬುತ್ತಿದ್ದರೆ? ಬರೆಯುವ ಸಾಧನವೂ ಅಗ್ಗವಾಯಿತು. ಅರ್ಜೆಂಟೈನಾದ ಡೇವಿಡ್ ಕಪೆಲ್ಲೊ 2001ರಲ್ಲಿ ಆರಂಭಿಸಿದ ‘ಏಸ್‌ಪ್ರೈಟ್’ ಎಂಬ ತಂತ್ರಾಂಶವೇ ನಮ್ಮ ಹುಡುಗನ ಕುಂಚ. ಸ್ಪರ್ಧೆಯೂ ಕಡಿಮೆಯೇನಿಲ್ಲ. ಹಾಲೆಂಡಿನ ‘ಕೆನ್ನಿ’ ಎಂಬ ಮಳಿಗೆ ಸಾವಿರಗಟ್ಟಲೆ ಚಿತ್ರಗಳನ್ನು ಯಾವ ಹಕ್ಕೂ ಇಟ್ಟುಕೊಳ್ಳದೆ ಪುಕ್ಕಟೆ ಹಂಚುತ್ತಿದೆ.

ಹಾಗಿರುವಲ್ಲಿ ಹಣ ಕೊಟ್ಟು ಕೊಳ್ಳುವವರು ಯಾರು? ಕಟ್ಟಿನ ಗುಣ ಬಲ್ಲವರು. 200 ಚಿತ್ರಗಳಿದ್ದರೆ 200ಕ್ಕೂ ಬೆಳಕು ಒಂದೇ ದಿಕ್ಕಿನಿಂದ, ಹೆಚ್ಚಾಗಿ ಎಡಮೇಲಿನಿಂದ, ಬೀಳಬೇಕು. ಬಣ್ಣಗಳು ಒಂದೇ ಡಬ್ಬಿಯವಾಗಿರಬೇಕು. ನಮ್ಮ ಹುಡುಗನ ಡಬ್ಬಿಯಲ್ಲಿರುವುದು 32. ಹೊರಗೆರೆಯ ದಪ್ಪ ಒಂದೇ ಆಗಿರಬೇಕು. ಹಿನ್ನೆಲೆ ಪಾರದರ್ಶಕವಾಗಿರಬೇಕು. ಹಿಗ್ಗಿಸುವಾಗ ಎರಡರಷ್ಟು, ಮೂರರಷ್ಟು ಎಂದು ಪೂರ್ಣಾಂಕದಲ್ಲಿಯೇ ಹಿಗ್ಗಿಸಬೇಕು. ಒಂದೂವರೆಯಷ್ಟು ಹಿಗ್ಗಿಸಿದರೆ ಮನೆಗಳು ಒಂದರೊಳಗೊಂದು ಕದಡಿ ಚಿತ್ರ ಒದ್ದೆಯಾದ ಶಾಯಿಯಂತಾಗುತ್ತದೆ. ಒಳ್ಳೆಯ ಒಂದು ಕತ್ತಿಯನ್ನು ಯಾರಾದರೂ ಬರೆದಾರು. ಒಂದೇ ಮನೆತನದವೆಂದು ಕಾಣುವ 200 ವಸ್ತುಗಳನ್ನು ಬರೆಯುವುದು ಕಷ್ಟ. 2022ರಿಂದೀಚೆಗೆ ಮಾತು ಹೇಳಿದರೆ ಚಿತ್ರ ಕೊಡುವ ಯಂತ್ರಗಳು ಬಂದಿವೆ. ಅವು ಕೊಟ್ಟ ಚೌಕುಳಿ ಚಿತ್ರಗಳನ್ನು ಹುಡುಗ ನನಗೆ ತೋರಿಸಿದ. ದೂರಕ್ಕೆ ಚೆಂದ, ಹತ್ತಿರ ಹೋದರೆ ಒಂದು ಮನೆ ದೊಡ್ಡದು, ಒಂದು ಚಿಕ್ಕದು, ಒಂದು ಓರೆ. ಆದರೆ ಅವು ದಿನೇ ದಿನೇ ಸುಧಾರಿಸುತ್ತಿವೆ. ಅವನ ಆತಂಕವನ್ನು ನಾನು ಅಲ್ಲಗಳೆಯಲಾರೆ.

ಅವನ ನಿಜವಾದ ಸಂಕಟ ಬೇರೊಂದು ಕಡೆಯಿಂದ ಬಂದಿತು. ಕಳೆದ ವರ್ಷ ಒಂದು ಮಳಿಗೆಯಲ್ಲಿ ಅವನ ಔಷಧದ ಸೀಸೆಗಳ ಕಟ್ಟು ಬೇರೆಯವರ ಹೆಸರಿನಲ್ಲಿ, ಅವನು ಕೇಳುತ್ತಿದ್ದ ಬೆಲೆಯ ಅರ್ಧಕ್ಕೆ ಮಾರಾಟವಾಗುತ್ತಿತ್ತು. ಕೊಂಡವನು ಆಟದಲ್ಲಿ ಎಷ್ಟು ಸಲ ಬೇಕಾದರೂ ಬಳಸಬಹುದು, ಆದರೆ ಚಿತ್ರಗಳನ್ನು ಚಿತ್ರಗಳಾಗಿಯೇ ಮತ್ತೆ ಮಾರಬಾರದು ಎಂಬುದು ಅವನ ಕರಾರು. ಮಳಿಗೆಯವರಿಗೆ ಬರೆದ. ‘ನಿಮ್ಮದೆಂಬುದಕ್ಕೆ ಆಧಾರವೇನು?’ ಎಂದು ಉತ್ತರ ಬಂದಿತು. ನಾಲ್ಕು ತಿಂಗಳ ದುಡಿಮೆ; ಅದರಿಂದ ಬರುವ ಹಣದಲ್ಲಿ ಅವನು ತಂಗಿಯ ಮನೆಯ ಬಾಡಿಗೆಯ ಒಂದು ಪಾಲನ್ನು ತುಂಬುತ್ತಿದ್ದ. ಮೂರು ದಿನ ಊಟ ಸರಿಯಾಗಿ ಮಾಡಲಿಲ್ಲವೆಂದು ತಂಗಿ ಫೋನು ಮಾಡಿದಳು. ನಾನು ಹೋದಾಗ ಅವನು ಸೀಸೆಯ ನೆರಳನ್ನು ಪರದೆಯ ತುಂಬ ಹಿಗ್ಗಿಸಿ ಕುಳಿತಿದ್ದ. ರಾಬಿನೆಟ್ಟಿನ ಕಥೆಯನ್ನು ನನಗೆ ಹೇಳಿದುದು ಆಗಲೇ. ಅದನ್ನು ಓದಿದಂದಿನಿಂದ ಅವನು ತನ್ನ ಪ್ರತಿಯೊಂದು ಚಿತ್ರದ ನೆರಳಿನಲ್ಲಿಯೂ ಒಂದು ಮನೆಯ ಬಣ್ಣವನ್ನು ಒಂದೇ ಒಂದು ಅಂಕದಷ್ಟು ಬದಲಿಸುತ್ತಿದ್ದನಂತೆ. ಕಣ್ಣಿಗೆ ಕಾಣದು; ಯಂತ್ರಕ್ಕೆ ಮಾತ್ರ ತಿಳಿಯುತ್ತದೆ. ಕದ್ದವನು ಆ ಮನೆಯನ್ನೂ ಕದ್ದಿದ್ದ. 60 ಸೀಸೆಗಳ 60 ಮನೆಗಳ ಪಟ್ಟಿಯನ್ನು ಕಳುಹಿಸಿದ ಮೂರು ವಾರಕ್ಕೆ ಆ ಕಟ್ಟನ್ನು ತೆಗೆದುಹಾಕಿದರು. ಅಷ್ಟರಲ್ಲಿ ಹೋದ ಹಣ ಹೋಯಿತು.

ಈಗ ಅವನು ಹೊಸ ಕಟ್ಟೊಂದನ್ನು ಹಿಡಿದಿದ್ದಾನೆ. ಅಜ್ಜಿಯ ಹಳೆಯ ಸೀರೆಯನ್ನು ಮೇಜಿನ ಮೇಲೆ ಹರಡಿಕೊಂಡು ಗೋಪುರ, ತೇರು, ಆನೆ, ಗಿಳಿಗಳನ್ನು 32ಕ್ಕೆ 32 ಮನೆಗಳಿಗೆ ಇಳಿಸುತ್ತಿದ್ದಾನೆ. ಸೀಸೆಯ ಪ್ರಸಂಗ ಅವನನ್ನು ಎಚ್ಚರಿಸಿತ್ತು; ಈ ಸಲ ಕೇಳುವ ಸರದಿ ಅವನದು. ಕಸೂತಿಗೆ, ನವಲಗುಂದದ ಜಮಖಾನೆಗೆ, ಮೈಸೂರಿನ ಗಂಜೀಫಕ್ಕೆ ಭೌಗೋಳಿಕ ಗುರುತಿನ ನೋಂದಣಿಯ ರಕ್ಷಣೆಯಿದೆ. ಅದು ಊರಿಗೂ ಕಸುಬಿಗೂ ಸಂದ ಹೆಸರು. ಇಂಥ ಆನೆ ಇಂಥವಳದೆಂದು ಅದು ಹೇಳುವುದಿಲ್ಲ. ಹಾಗಾದರೆ ಆ ಆನೆಯನ್ನು ಮಾರುವುದಕ್ಕೆ ಯಾರನ್ನು ಕೇಳಬೇಕು? ಹುಡುಗ ಅಜ್ಜಿಯನ್ನೇ ಕೇಳಿದ.

‘ನಂದೇನೈತೋ ಅದರಾಗ? ನಮ್ಮವ್ವ ಹೇಳಿಕೊಟ್ಟಿದ್ಲು, ಆಕೀಗೆ ಅವರವ್ವ’ ಎಂದರು ಅಜ್ಜಿ. ಎಷ್ಟಕ್ಕೆ ಮಾರುತ್ತಿ ಎಂದು ವಿಚಾರಿಸಿದರು. ನಾಲ್ಕು ಡಾಲರು ಎಂದ. ಅದನ್ನು ರೂಪಾಯಿಗೆ ತಿರುಗಿಸಿ ಹೇಳಿದ ಮೇಲೆ, ಆ ಬೆಲೆಗೆ ದಾರದ ಉಂಡೆಯೂ ಬರುವುದಿಲ್ಲವೆಂದು ಗೊಣಗಿದರು. ಎಷ್ಟು ಮಂದಿಗೆ ಬೇಕಾದರೂ ಮಾರಬಹುದೆಂದು ಅವನು ವಿವರಿಸಿದುದು ಅವರಿಗೆ ಅಷ್ಟಾಗಿ ರುಚಿಸಿದಂತೆ ಕಾಣಲಿಲ್ಲ. ಕಟ್ಟಿನ ಜೊತೆಗೆ ಹೋಗುವ ಕಾಗದದಲ್ಲಿ ‘ಚಿತ್ರ’ ಎಂದು ತನ್ನ ಹೆಸರನ್ನು ಬರೆದು, ಅದರ ಮೇಲೆ ‘ಎಣಿಕೆ’ ಎಂದು ಅಜ್ಜಿಯ ಹೆಸರನ್ನು ಬರೆದು ತೋರಿಸಿದ. ಅಜ್ಜಿ ಅದನ್ನು ಓದಲಿಲ್ಲ. ಕನ್ನಡಕ ಏರಿಸಿಕೊಂಡು ಪರದೆಯ ಮೇಲಿನ ಆನೆಯನ್ನೇ ಬಹಳ ಹೊತ್ತು ಬೆರಳಿನಿಂದ ಎಣಿಸುತ್ತಿದ್ದರು. ಬಾಲಕ್ಕೆ ಒಂದು ಎಳೆ ಹೆಚ್ಚಾಗಿತ್ತು.